ಒಂದು ಕೈಯ ರವಿಕೆ

ದೊಡ್ಡಮಳೂರು
12 ಜೂನ್ 1983

ಚಿರಂಜೀವಿ ನಿಯಾಜನಿಗೆ ಬೋರಲಿಂಗಯ್ಯ ಮೇಷ್ಟರ ಆಶೀರ್ವಾದ.

ಕಂಡಕ್ಟರ್ ಹುಚ್ಚಯ್ಯ ನಿನ್ನ ಅಂಗಡಿಗೆ ತಂದುಕೊಡುವ ಪೊಟ್ಟಣದಲ್ಲಿ ಈ ಕಾಗದದ ಜೊತೆ ಒಂದು ಹಳೆಯ ರವಿಕೆ ಇದೆ. ನಮ್ಮ ಮನೆಯವಳು ಚಿಕ್ಕಲಕ್ಷ್ಮಮ್ಮನದು, ಅಳತೆಗೆ. ಕತ್ತರಿ ಎತ್ತುವ ಮುಂಚೆ ಕಾಗದವನ್ನು ಕೊನೆಯವರೆಗೆ ಓದು. ಎಂಟನೇ ಕ್ಲಾಸಿನಲ್ಲೂ ನೀನು ಅರ್ಧ ಪ್ರಶ್ನೆ ಓದಿ ಪೂರ್ತಿ ಉತ್ತರ ಬರೆಯುತ್ತಿದ್ದೆ.

ಯುಗಾದಿ ಕಳೆದ ನಾಲ್ಕನೇ ದಿನ ಚಿಕ್ಕಲಕ್ಷ್ಮಮ್ಮನಿಗೆ ಲಕ್ವ ಹೊಡೆಯಿತು. ಕಾಲು ಎಳೆದುಕೊಂಡು ನಡೆಯುತ್ತಾಳೆ, ಮಾತು ನೆಟ್ಟಗಿದೆ, ನನ್ನನ್ನು ಬೈಯುವುದಕ್ಕೇನೂ ತೊಂದರೆಯಿಲ್ಲ. ಬಲಗೈ ಮಾತ್ರ ಹೋಯಿತು. ಆ ರವಿಕೆಗೆ ಮುಂದೆ ಐದು ಹುಕ್ಕು. ನೀನು ಎಡಗೈ ಒಂದರಲ್ಲೇ ಒಂದು ಹುಕ್ಕು ಹಾಕಿ ನೋಡು. ನಾನು ಬಾಗಿಲು ಹಾಕಿಕೊಂಡು ಹಾಕಿ ನೋಡಿದೆ. ಅರ್ಧ ಗಂಟೆಗೆ ಒಂದೂ ಆಗಲಿಲ್ಲ.

ಇಡೀ ಸೀಮೆ ಈಗ ರೇಷ್ಮೆ ರೇಷ್ಮೆ ಎಂದು ಕುಣಿಯುತ್ತಿದೆ. ರಾಗಿ ಹೊಲವೆಲ್ಲ ಹಿಪ್ಪುನೇರಳೆ ತೋಟವಾಯಿತು. ಹುಳದ ಮನೆಗೆ ಎಷ್ಟು ಕಿಟಕಿ ಇಡಬೇಕು, ಎಷ್ಟು ಶಾಖ ಬೇಕು ಎಂದು ಹೇಳಲು ಇಲಾಖೆಯವರು ಜೀಪಿನಲ್ಲಿ ಬರುತ್ತಾರೆ. ಬರಲಿ, ಬೇಡ ಎನ್ನುವುದಿಲ್ಲ. ಆದರೆ ಮೂವತ್ತಾರು ವರ್ಷ ಆ ಹುಳಕ್ಕೆ ಸೊಪ್ಪು ಹಾಕಿದ ಕೈ ಬಿದ್ದುಹೋದರೆ, ಆ ಮೈಗೆ ಎಂಥ ಬಟ್ಟೆ ಬೇಕೆಂದು ಒಬ್ಬನಾದರೂ ಯೋಚಿಸಿದ್ದಾನೆಯೇ? ಯುದ್ಧದ ಕಾಲದಲ್ಲಿ ಪ್ಯಾರಾಚೂಟಿಗೆ ಬೇಕೆಂದು ನಮ್ಮ ರೇಷ್ಮೆಗೂಡು ಹೊತ್ತುಕೊಂಡು ಹೋದದ್ದು ನನಗೆ ನೆನಪಿದೆ. ಆಕಾಶದಿಂದ ಬೀಳುವ ಸಿಪಾಯಿ ಒಂದು ದಾರ ಎಳೆದರೆ ಅಷ್ಟಗಲದ ಬಟ್ಟೆ ಬಿಚ್ಚಿಕೊಳ್ಳುವಂತೆ ಮಡಿಸಿಡುವ ಬುದ್ಧಿ ಮನುಷ್ಯನಿಗಿತ್ತು. ಆ ಬುದ್ಧಿ ಹೆಂಗಸಿನ ರವಿಕೆಯವರೆಗೆ ಯಾಕೆ ಇಳಿಯಲಿಲ್ಲ?

ಸೊಸೆ ಹುಕ್ಕು ಹಾಕಿಕೊಡಬಹುದಲ್ಲ ಎನ್ನಬೇಡ. ಸರಸಮ್ಮ ಒಳ್ಳೆಯ ಹುಡುಗಿ, ಹಾಕಿಕೊಡುತ್ತಾಳೆ. ಆದರೆ ನಮ್ಮ ಹುಳದ ಕೋಣೆಗೆ ಒಂದು ಕಟ್ಟಳೆ ಇದೆ. ಮಿಂದು, ಒಗೆದ ಬಟ್ಟೆಯನ್ನು ತಾನೇ ಉಟ್ಟು ತಾನೇ ತೊಟ್ಟವರು ಮಾತ್ರ ಒಳಗೆ ಹೋಗಬೇಕು. ಇನ್ನೊಬ್ಬರ ಕೈಯಿಂದ ಉಡಿಸಿಕೊಂಡವರು ಹೊಸ್ತಿಲು ದಾಟುವಂತಿಲ್ಲ. ಈ ಕಟ್ಟಳೆ ಮಾಡಿದವಳು ಚಿಕ್ಕಲಕ್ಷ್ಮಮ್ಮನೇ. ಈಗ ಅವಳೇ ಬಾಗಿಲ ಹೊರಗೆ ಮಣೆ ಹಾಕಿಕೊಂಡು ಕೂತಿದ್ದಾಳೆ. ಹುಳ ಸೊಪ್ಪು ಮೇಯುವ ಸದ್ದಿಗೆ ಕಿವಿ ಕೊಟ್ಟು, ‘ಸರಸೀ, ಆ ಮೂಲೆ ತಟ್ಟೇಲಿ ಸದ್ದು ಒಸಿ ಕಮ್ಮಿ ಐತೆ, ನೋಡವ್ವ’ ಎನ್ನುತ್ತಾಳೆ. ನೋಡಿದರೆ ಅಲ್ಲಿ ಸೊಪ್ಪು ಮುಗಿದಿರುತ್ತದೆ.

ಕಟ್ಟಳೆ ಬಿಡು, ಒಳಗೆ ಹೋಗು ಎಂದೆ. ‘ನೀವ್ ಸುಮ್ಕಿರಿ’ ಎಂದಳು. ಅವಳಿಗೆ ಬೇರೇನೂ ಬೇಡ, ಆ ಕೋಣೆಯೊಳಗೆ ಹೋಗಬೇಕು. ತಾನೇ ತೊಡಬಲ್ಲ ರವಿಕೆ, ತಾನೇ ಉಡಬಲ್ಲ ಸೀರೆ ಆಗಬೇಕು. ನಿನ್ನಿಂದ ಆಗುತ್ತದೆಯೇ?

ಇಂತು,
ಬೋರಲಿಂಗಯ್ಯ

*

ರಾಮನಗರ
25 ಜೂನ್ 1983

ಮೇಷ್ಟ್ರಿಗೆ ನಿಯಾಜನ ಸಲಾಮು.

ಕಾಗದ ಪೂರ್ತಿ ಓದಿದೆ, ಎರಡು ಸಲ. ಹುಕ್ಕನ್ನು ಎಡಗೈಯಲ್ಲಿ ಹಾಕಿಯೂ ನೋಡಿದೆ. ಇಪ್ಪತ್ತು ವರ್ಷದಿಂದ ಹುಕ್ಕು ಹೊಲಿಯುತ್ತಿದ್ದೇನೆ, ಹಾಕುವವರ ಕೈ ಹೇಗಿರುತ್ತದೆಂದು ಒಂದು ದಿನ ಯೋಚಿಸಿದವನಲ್ಲ. ನಮ್ಮ ಬೀದಿಯ ಹೆಂಗಸರು ಬಿಸಿ ನೀರಿನ ಬಾಣಲೆಯಿಂದ ದಿನವೆಲ್ಲ ರೇಷ್ಮೆ ಎಳೆ ಎತ್ತುತ್ತಾರೆ. ಬೆರಳು ಬೆಂದು ಊದಿರುತ್ತವೆ. ರವಿಕೆಗೆ ಕೊಟ್ಟಾಗ ‘ಹುಕ್ಕು ಒಸಿ ದೊಡ್ಡವು ಹಾಕಪ್ಪ’ ಎನ್ನುತ್ತಾರೆ. ಅದೇನೋ ಅವರ ಶೋಕಿ ಎಂದುಕೊಂಡಿದ್ದೆ.

ನಮ್ಮ ಚಿಕ್ಕಪ್ಪ ಬೆಂಗಳೂರಿನ ಆಸ್ಪತ್ರೆಯಲ್ಲಿದ್ದಾಗ ಅಲ್ಲಿ ಒಂದು ಬಗೆಯ ಅಂಗಿ ಹಾಕಿದ್ದರು. ಮುಂದಿನಿಂದ ಎರಡು ತೋಳು ತೂರಿಸಿದರೆ ಮುಗಿಯಿತು, ಬೆನ್ನು ಪೂರ್ತಿ ತೆರೆದಿರುತ್ತದೆ. ಅದೇ ಲೆಕ್ಕದಲ್ಲಿ ಅಮ್ಮಾವ್ರಿಗೆ ರವಿಕೆ ಹೊಲಿದಿದ್ದೇನೆ. ಹುಕ್ಕಿಲ್ಲ, ಗುಂಡಿಯಿಲ್ಲ. ಬೆನ್ನನ್ನು ಸೆರಗು ಹೇಗೂ ಮುಚ್ಚುತ್ತದೆ. ಅರಿಶಿನ ಬಣ್ಣದ ಒಳ್ಳೇ ಬಟ್ಟೆ ಹಾಕಿದ್ದೇನೆ. ತೊಟ್ಟ ಮೇಲೆ ಹೇಗಾಯಿತು ಬರೆಯಿರಿ. ಸೀರೆಯದು ಆಮೇಲೆ ನೋಡೋಣ.

ನಿಮ್ಮ ಶಿಷ್ಯ,
ನಿಯಾಜ್

*

ದೊಡ್ಡಮಳೂರು
3 ಜುಲೈ 1983

ನಿಯಾಜ್,

ರವಿಕೆ ಅಂಗಳಕ್ಕೆ ಬಿತ್ತು. ಬಿಚ್ಚಿ ನೋಡಿದವಳೇ ಎಸೆದುಬಿಟ್ಟಳು. ಎಡಗೈಯಲ್ಲಿ ಎಸೆದರೂ ತುಳಸಿಕಟ್ಟೆ ದಾಟಿ ಬಿತ್ತು.

ನನಗೆ ಅರ್ಥವಾಗಲಿಲ್ಲ. ಸರಸಮ್ಮ ನನ್ನನ್ನು ಹಿತ್ತಿಲಿಗೆ ಕರೆದು ತಲೆ ತಗ್ಗಿಸಿಕೊಂಡು ಹೇಳಿದಳು. ‘ಮಾವ, ಹೆಂಗಸ್ರು ತೀರ್ಕಂಡ್ರೆ ಮೈ ಸೆಟ್ಕೊಂಡಿರ್ತದಲ್ಲ, ತೋಳು ಬಗ್ಗಕಿಲ್ಲ. ರವಿಕೆ ಬೆನ್ ಕಡೀಂದ ಕತ್ತರ್ಸಿ ಮುಂದ್ಗಡೆಯಿಂದ ತೊಡಿಸ್ತೀವಿ. ಇದು ಅಂಗೇ ಐತೆ.’

ನನಗೆ ಅರವತ್ತಮೂರು ವರ್ಷ. ಈ ಊರಲ್ಲಿ ಎಷ್ಟು ಸಾವಿಗೆ ಹೆಗಲು ಕೊಟ್ಟಿದ್ದೇನೋ ಲೆಕ್ಕವಿಲ್ಲ. ಹೆಂಗಸರ ಹೆಣವನ್ನು ಹೆಂಗಸರೇ ಒಳಗೆ ಸಿಂಗರಿಸುತ್ತಾರೆ. ಆಗ ನಾವು ಗಂಡಸರು ಹೊರಗೆ ಬಿದಿರು ಕಟ್ಟಿಸುತ್ತ ಬೀಡಿ ಸೇದುತ್ತಿರುತ್ತೇವೆ. ಬಾಗಿಲ ಆಚೆ ನಡೆಯುವುದು ನನಗೆ ಗೊತ್ತಿರಲಿಲ್ಲ, ನಾನು ಓದಿದ ಯಾವ ಪುಸ್ತಕದಲ್ಲೂ ಇರಲಿಲ್ಲ. ನಿನ್ನ ಮೇಲೆ ಸಿಟ್ಟು ಬಂತು. ಒಂದು ಲೋಟ ಕಾಫಿ ಕುಡಿಯುವಷ್ಟರಲ್ಲಿ ನನ್ನ ಮೇಲೆ ತಿರುಗಿತು.

ಸಂಜೆಗೆ ಅವಳೇ ನಗಲು ಶುರುಮಾಡಿದಳು. ‘ಎತ್ತಿಡೇ ಸರಸೀ, ಪೆಟ್ಟಿಗೇಲಿ ಮಡಗು. ಎಂಗೂ ಒಂದಿನ ಬೇಕಾಯ್ತದೆ. ಆ ದರ್ಜಿ ಅಡ್ವಾನ್ಸಾಗಿ ಹೊಲ್ದವ್ನೆ.’ ಆಮೇಲೆ ನನ್ನ ಕಡೆ ತಿರುಗಿ, ‘ನಾನಿನ್ನೂ ಉಸ್ರಾಡ್ತಾ ಇವ್ನಿ ಅಂತ ಒಂದ್ ಕಾಗ್ದ ಬರ್ದಾಕಿ’ ಎಂದಳು. ಬರೆದಿದ್ದೇನೆ.

ಬೋರಲಿಂಗಯ್ಯ

*

ರಾಮನಗರ
8 ಜುಲೈ 1983

ಮೇಷ್ಟ್ರೇ,

ನಿಮ್ಮ ಕಾಗದ ಓದಿ ಎರಡು ದಿನ ಕತ್ತರಿ ಹಿಡಿಯಲು ಮನಸ್ಸಾಗಲಿಲ್ಲ. ನಮ್ಮಲ್ಲಿ ಹೆಣಕ್ಕೆ ಸುತ್ತುವ ಕಫನಿಗೆ ಬರೀ ಹೊಲಿಯದ ಹಾಸು ಬಟ್ಟೆ. ಹೊಲಿದದ್ದೆಂದರೆ ಬದುಕಿರುವವರದು ಎಂದೇ ನನ್ನ ಲೆಕ್ಕವಾಗಿತ್ತು. ಅಮ್ಮಾವ್ರ ಕಾಲಿಗೆ ಬಿದ್ದೆ ಎಂದು ಹೇಳಿ. ಅವರು ನಕ್ಕರು ಎಂದು ಬರೆಯದಿದ್ದರೆ ನಾನೇ ಬಸ್ಸು ಹತ್ತಿ ಬಂದುಬಿಡುತ್ತಿದ್ದೆ.

ಈಗ ನಾನು ಪ್ರಶ್ನೆ ಕೇಳುತ್ತೇನೆ, ನೀವು ಉತ್ತರ ಬರೆಯಬೇಕು. ಬಲಗೈ ತಾನಾಗಿ ಎಷ್ಟು ಏಳುತ್ತದೆ? ಬೆರಳು ಮಡಿಸಿಕೊಂಡಿವೆಯೇ, ಬಿಡಿಸಿಕೊಂಡಿವೆಯೇ? ಕೂತು ತೊಡುತ್ತಾರೋ ನಿಂತೋ? ಒಂದು ವಾರ ನೋಡಿ ಬರೆಯಿರಿ, ಊಹೆ ಮಾಡಬೇಡಿ.

ಇನ್ನೊಂದು ಮಾತು. ಕಟ್ಟಳೆ ಮಾಡಿದವರು ಅಮ್ಮಾವ್ರೇ ಆದರೆ ಮುರಿಯುವ ಹಕ್ಕೂ ಅವರದೇ ಅಲ್ಲವೇ? ಕೇಳಿದ್ದು ತಪ್ಪಾದರೆ ಸಿಕ್ಕಾಗ ಕಿವಿ ಹಿಂಡಿ.

ನಿಯಾಜ್

*

ದೊಡ್ಡಮಳೂರು
28 ಆಗಸ್ಟ್ 1983

ಚಿರಂಜೀವಿ ನಿಯಾಜ್,

ಒಂದು ವಾರ ನೋಡು ಎಂದೆ. ಏಳು ವಾರ ತೆಗೆದುಕೊಂಡೆ.

ನಿನ್ನ ಮೊದಲ ಪ್ರಶ್ನೆಗಳಿಗೆ: ಬಲಗೈ ತಾನಾಗಿ ಏಳುವುದಿಲ್ಲ. ಎಡಗೈಯಿಂದ ಎತ್ತಿ ತೊಡೆಯ ಮೇಲೆ ಇಟ್ಟುಕೊಳ್ಳುತ್ತಾಳೆ. ಬೆರಳು ಅರ್ಧ ಮಡಿಸಿವೆ, ಬಿಗಿ ತೋಳಿನೊಳಗೆ ಹೋಗುವಾಗ ಸಿಕ್ಕಿಕೊಳ್ಳುತ್ತವೆ. ಕೂತು ತೊಡುತ್ತಾಳೆ. ಇಷ್ಟು ವರ್ಷ ಅವಳು ಎದ್ದು ಉಟ್ಟು ಸಿದ್ಧಳಾದ ಮೇಲೆಯೇ ನಾನು ಕಣ್ಣು ಬಿಟ್ಟವನು. ಅವಳು ನೆರಿಗೆ ಹಿಡಿಯುವುದನ್ನು ಈಗ ನೋಡಿದೆ. ‘ಏನ್ ಅಂಗೆ ನೋಡ್ತೀರಿ, ಪರೀಕ್ಷೆಗೆ ಓದೋ ಹಂಗೆ?’ ಎಂದಳು. ಓದುತ್ತಿದ್ದೇನೆ ಎಂದೆ.

ಕೊನೆಯ ಪ್ರಶ್ನೆಗೆ ಉತ್ತರ ಬರೆಯಲು ನಾಲ್ಕು ಸಲ ಕೂತು ಎದ್ದೆ.

ನಮ್ಮವ್ವನಿಗೆ ಅರುವತ್ತೊಂದನೇ ಇಸವಿಯಲ್ಲಿ ಕೈನಡುಕ ಶುರುವಾಯಿತು. ಸೀರೆ ನಿಲ್ಲುತ್ತಿರಲಿಲ್ಲ. ಸೊಸೆ ಚಿಕ್ಕಲಕ್ಷ್ಮಮ್ಮನೇ ದಿನಾ ಮೀಯಿಸಿ ಉಡಿಸುತ್ತಿದ್ದಳು, ಒಂದು ದಿನ ಬೇಸರ ಮಾಡಿಕೊಂಡವಳಲ್ಲ. ಆ ವರ್ಷ ಎರಡು ಬೆಳೆ ಸುಣ್ಣಕಟ್ಟು ರೋಗ ಬಂದು ಹುಳವೆಲ್ಲ ಬೆಳ್ಳಗೆ ಬಿರುಸಾಗಿ ಸತ್ತವು. ಇನ್ನೊಬ್ಬರು ಉಡಿಸಿದ ಮೈ ಒಳಗೆ ಬಂದದ್ದೇ ಕಾರಣವೆಂದು ಯಾರೋ ಅಂದರು. ಮೂರನೇ ಬೆಳೆಗೆ ಮೊಟ್ಟೆ ತಂದ ದಿನ ಚಿಕ್ಕಲಕ್ಷ್ಮಮ್ಮ ಬಾಗಿಲಲ್ಲಿ ನಿಂತು, ‘ಅತ್ತೆ, ಇನ್ನೊಬ್ರ ಕೈಲಿ ಉಡಿಸ್ಕಂಡೋರು ಇನ್ಮೇಲೆ ಒಳಿಕ್ ಬರಂಗಿಲ್ಲ’ ಎಂದಳು. ಅವಳಿಗೆ ಹುಳ ಸಾಕುವುದನ್ನು ಕಲಿಸಿದವಳೇ ನಮ್ಮವ್ವ. ಮುದುಕಿ ಹೂಂ ಎಂದು ಹೊಸ್ತಿಲ ಹೊರಗೆ ಕೂತಳು. ಎರಡು ವರ್ಷ ಅಲ್ಲೇ ಕೂತಳು. ಆಮೇಲೆ ತೀರಿಕೊಂಡಳು.

ನಾನಾಗ ಏನು ಮಾಡುತ್ತಿದ್ದೆ ಗೊತ್ತೇ? ನಿಮ್ಮ ಕ್ಲಾಸಿನಲ್ಲಿ ಮೂಢನಂಬಿಕೆಯ ವಿರುದ್ಧ ಮೇಜು ಗುದ್ದಿ ಪಾಠ ಹೇಳುತ್ತಿದ್ದೆ. ನಿನಗೆ ನೆನಪಿರಬೇಕು. ನನ್ನ ಮನೆಯ ಬಾಗಿಲಲ್ಲಿ ನನ್ನ ತಾಯಿ ಕೂತದ್ದಕ್ಕೆ ಬಾಯಿ ಬಿಡಲಿಲ್ಲ. ಆ ಮೂರನೇ ಬೆಳೆ ಚೆನ್ನಾಗಿ ಬಂದುಬಿಟ್ಟಿತು. ಆ ಗೂಡು ಮಾರಿ ಮನೆಗೆ ಹೆಂಚು ಹೊದಿಸಿದೆವು. ಹೆಂಚಿನ ಕೆಳಗೆ ಕೂತು ಕಟ್ಟಳೆ ತಪ್ಪೆಂದು ಯಾರು ಹೇಳುತ್ತಾರೆ?

ನಿನ್ನ ಪ್ರಶ್ನೆಯನ್ನು ಅವಳಿಗೆ ಓದಿ ಹೇಳಿದೆ. ‘ಅತ್ತೆಗೋಸ್ಕರ ಮುರೀನಿಲ್ಲ. ನಂಗೋಸ್ಕರ ಮುರ್ಕಂಡ್ರೆ, ಆಯಮ್ಮ ಎದ್ರುಗೆ ಬಂದ್ರೆ ಏನಂತ ಯೋಳ್ಲಿ?’ ಎಂದಳು. ಅದಕ್ಕೇ ಹೇಳುತ್ತೇನೆ, ನಿನ್ನ ಬಟ್ಟೆಯೊಂದೇ ದಾರಿ.

ಬೋರಲಿಂಗಯ್ಯ

*

ರಾಮನಗರ
2 ಅಕ್ಟೋಬರ್ 1983

ಮೇಷ್ಟ್ರಿಗೆ, ಅಮ್ಮಾವ್ರಿಗೆ ಸಲಾಮು.

ನೀವು ಬರೆದದ್ದನ್ನು ಮಡಿಸಿ ಒಳಗಿಟ್ಟಿದ್ದೇನೆ. ಅದಕ್ಕೆ ಉತ್ತರ ಬರೆಯುವಷ್ಟು ದೊಡ್ಡವನಲ್ಲ. ಬಟ್ಟೆಯ ವಿಷಯ ಮಾತ್ರ ಬರೆಯುತ್ತೇನೆ.

ಮೂರು ರವಿಕೆ ಹೊಲಿದು, ನನ್ನ ಬಲಗೈ ಬೆರಳನ್ನು ಅಳತೆ ಪಟ್ಟಿಯಲ್ಲಿ ಬಿಗಿದು ಕೈ ಜೋತುಬಿಟ್ಟುಕೊಂಡು ಮೂರನ್ನೂ ನಾನೇ ತೊಟ್ಟು ನೋಡಿದೆ. ಮೂರನೆಯದು ತೊಡುವಾಗ ಗೂಡಿನ ಮಾರುಕಟ್ಟೆಯ ಗಂಗಹನುಮಯ್ಯ ಪ್ಯಾಂಟು ಕೇಳಿಕೊಂಡು ಒಳಗೆ ಬಂದುಬಿಟ್ಟ.

‘ಏನ್ಲಾ ನಿಯಾಜು, ರವಿಕೆ ತೊಟ್ಕಂಡು ಯಾರ್ ಮದ್ವೆಗ್ಲಾ?’

‘ನಿನ್ ಮದ್ವೆಗೇ ಕಣ್ಲಾ, ಎಣ್ಣು ಸಿಗ್ನಿಲ್ಲ ಅಂತಿದ್ಯಲ್ಲ’ ಎಂದೆ.

ಅವನು ಹೊರಗೆ ಹೋಗಿ ನಾಲ್ಕು ಜನರನ್ನು ಕರೆದುಕೊಂಡು ಬಂದ. ಕೈ ಯಾಕೆ ಕಟ್ಟಿಕೊಂಡಿದ್ದೀಯೆಂದು ಕೇಳಿದರು, ಹೇಳಿದೆ. ನಗು ನಿಂತಿತು. ಗಂಗಹನುಮಯ್ಯ ಅಲ್ಲೇ ಕುರ್ಚಿಯಲ್ಲಿ ಕೂತು, ‘ನಮ್ಮಪ್ಪನ್ಗೂ ಒಂದ್ ಕೈ ಇಲ್ಲ ಕಣ್ಲಾ. ನಾಕ್ ವರ್ಸದಿಂದ ಬರೀ ಟವಲ್ ಒದ್ಕಂಡ್ ಕುಂತದೆ, ಯಾರ್ ಮನೆ ಮದ್ವೆಗೂ ಬರಾಕಿಲ್ಲ’ ಎಂದ. ಅಳತೆ ಕೊಟ್ಟು ಹೋಗಿದ್ದಾನೆ.

ಈಗ ಕಳಿಸುತ್ತಿರುವ ರವಿಕೆಯ ತೋಳು ಚೀಲದ ಬಾಯಿಯಷ್ಟು ಅಗಲ. ಬಿದ್ದ ಕೈಯನ್ನೇ ಮೊದಲು ತೂರಿಸಬೇಕು, ಆಮೇಲೆ ಒಳ್ಳೆಯ ಕೈ. ಬಿಚ್ಚುವಾಗ ತಿರುಗಾಮುರುಗಾ. ಮುಂದೆ ಹುಕ್ಕಿನ ಬದಲು ಮೂರು ಎಲಾಸ್ಟಿಕ್ ಕುಣಿಕೆ ಇಟ್ಟಿದ್ದೇನೆ. ಎದುರಿಗೆ ಮೂರು ದಪ್ಪ ಗುಂಡು ಬೇಕು, ಕಣ್ಣಿಗೆ ಕಾಣದಿದ್ದರೂ ಕೈಗೆ ಸಿಗುವಂಥವು. ಅಂಗಡಿ ಗುಂಡಿಗಳು ಸಣ್ಣವು, ಜಾರುತ್ತವೆ. ನಿಮ್ಮ ಚನ್ನಪಟ್ಟಣದಲ್ಲಿ ಗೊಂಬೆ ಕಡೆಯುವವರಿದ್ದಾರಲ್ಲ, ಬೋರೆಹಣ್ಣಿನ ಗಾತ್ರಕ್ಕೆ ಕಡೆಸಿ, ತೂತು ಹಾಕಿಸಿ. ಸರಸಮ್ಮನವರು ಹೊಲಿದರೆ ಸಾಕು.

ಸೀರೆ ನೀವು ಕಳೆದ ಕಾಗದದ ಜೊತೆ ಕಳಿಸಿದ ಹಳೆಯ ನೂಲಿನದೇ. ನೆರಿಗೆಯನ್ನು ಹಿಡಿದು ಒಂದು ಪಟ್ಟಿಗೆ ಹೊಲಿದಿದ್ದೇನೆ, ಪಟ್ಟಿಗೆ ಪ್ಯಾಂಟಿನ ದೊಡ್ಡ ಹುಕ್ಕು. ಗೋಡೆಗೆ ಬೆನ್ನು ಒರಗಿಸಿದರೆ ಪಟ್ಟಿ ಜಾರುವುದಿಲ್ಲ, ಒಂದೇ ಕೈಯಲ್ಲಿ ಸುತ್ತಿಕೊಳ್ಳಬಹುದು. ಕತ್ತರಿ ಹಾಕಿಲ್ಲ. ಸೀರೆ ಇಡಿಯಾಗಿಯೇ ಇದೆ ಎಂದು ಅಮ್ಮಾವ್ರಿಗೆ ಹೇಳಿ. ಈ ಸಲ ನಮ್ಮ ಮನೆಯವಳನ್ನೂ, ಪಕ್ಕದ ಮನೆಯ ವೆಂಕಟಲಕ್ಷ್ಮಮ್ಮನವರನ್ನೂ ಕೇಳಿದ್ದೇನೆ. ನಿಮ್ಮವರಲ್ಲೂ ನಮ್ಮವರಲ್ಲೂ ಹೆಣಕ್ಕೆ ಇಂಥದ್ದು ಇಲ್ಲವಂತೆ.

ನಿಮ್ಮ ಶಿಷ್ಯ,
ನಿಯಾಜ್

*

ದೊಡ್ಡಮಳೂರು
6 ನವೆಂಬರ್ 1983

ಚಿರಂಜೀವಿ ನಿಯಾಜ್,

ಗುಂಡು ಕಡೆಸಿದೆ. ಕೆಂಪು, ಹಳದಿ, ಹಸಿರು ಅರಗಿನ ಬಣ್ಣ. ಒಂದೇ ಬಣ್ಣ ಹಾಕೆಂದರೆ ಗೊಂಬೆಯವನು ಕೇಳಲಿಲ್ಲ. ‘ಮಗೀಗೆ ಗಿಲಕಿ ಕಟ್ಟಿದಂಗೈತೆ’ ಎಂದು ಇವಳು ಗೊಣಗಿದಳು. ಆದರೆ ಮೊದಲ ದಿನವೇ ಕೆಂಪು ಗುಂಡು ಕುಣಿಕೆಗೆ ಸಿಕ್ಕಿತು. ಮೂರನೇ ದಿನ ಹಳದಿ. ಹಸಿರು ಹತ್ತು ದಿನ ಸತಾಯಿಸಿತು.

ಕಷ್ಟ ಅವಳಿಗಿಂತ ನನಗೆ. ಎದುರಿಗೆ ಕೂತು ನೋಡಬೇಕು, ಮುಟ್ಟಬಾರದು. ಕುಣಿಕೆ ಗುಂಡಿನ ಅಂಚಿಗೆ ಬಂದು ಜಾರಿದಾಗಲೆಲ್ಲ ನನ್ನ ಕೈ ತಾನಾಗಿ ಮುಂದಕ್ಕೆ ಹೋಗುತ್ತದೆ. ‘ಕೈ ಇಂದಕ್ಕೆ!’ ಎಂದು ಗದರಿಸುತ್ತಾಳೆ. ಮೇಷ್ಟರಾಗಿ ನಾನು ಎಷ್ಟು ಹುಡುಗರಿಗೆ ಕೈ ಕಟ್ಟಿ ನಿಲ್ಲಿಸಿದ್ದೆನೋ ಅಷ್ಟನ್ನೂ ತೀರಿಸುತ್ತಿದ್ದೇನೆ.

ಒಂದು ತಪ್ಪಾಗಿದೆ, ನಿನ್ನದಲ್ಲ. ರವಿಕೆ ಭುಜದಿಂದ ಜಾರುತ್ತದೆ, ಪಟ್ಟಿ ಸೊಂಟದಲ್ಲಿ ನಿಲ್ಲುವುದಿಲ್ಲ. ನಾನು ಅಳತೆಗೆ ಕಳಿಸಿದ ರವಿಕೆ ಮೂರು ವರ್ಷ ಹಳೆಯದಂತೆ, ಮಗ ಪುಟ್ಟಸ್ವಾಮಿಯ ಮದುವೆಯದು. ಅವಳು ಅಷ್ಟು ಇಳಿದುಹೋಗಿದ್ದಾಳೆ. ದಿನಾ ಎದುರಿಗೆ ಕೂತು ಉಣ್ಣುವ ನನಗೆ ಕಾಣಲಿಲ್ಲ, ನಿನ್ನ ಬಟ್ಟೆ ಹೇಳಿತು. ಸರಸಮ್ಮ ಹೊಸದಾಗಿ ಅಳೆದು ಗಂಟು ಹಾಕಿದ ದಾರ ಇದರೊಳಗಿದೆ. ಎರಡನ್ನೂ ಹಿಡಿದು ಚಿಕ್ಕದು ಮಾಡಿ ಬೇಗ ಕಳಿಸು. ಈ ತಿಂಗಳ ಕೊನೆಗೆ ಹೊಸ ಮೊಟ್ಟೆ ತರುತ್ತೇವೆ. ಹುಳ ಹಣ್ಣಾಗಿ ಗೂಡು ಕಟ್ಟುವ ಹೊತ್ತಿಗಾದರೂ ಅವಳು ಒಳಗಿರಬೇಕು.

ಬೋರಲಿಂಗಯ್ಯ

*

ದೊಡ್ಡಮಳೂರು
24 ಡಿಸೆಂಬರ್ 1983

ನನ್ನ ಪ್ರೀತಿಯ ನಿಯಾಜ್,

ಮೊನ್ನೆ ಗುರುವಾರ ಹುಳ ಹಣ್ಣಾದವು. ಮೈ ಹೊಳೆಯುವ ಹುಳವನ್ನು ಒಂದೊಂದಾಗಿ ಆರಿಸಿ ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡುವ ದಿನ. ಬೆಳಿಗ್ಗೆ ಅವಳು ಮಿಂದು ಮಲಗುವ ಕೋಣೆಯ ಬಾಗಿಲು ಹಾಕಿಕೊಂಡಳು. ನಾನು, ಪುಟ್ಟಸ್ವಾಮಿ, ಸರಸಮ್ಮ ಹೊರಗೆ ನಿಂತೆವು. ಒಳಗೆ ಗೋಡೆಗೆ ಬೆನ್ನು ಉಜ್ಜುವ ಸದ್ದು, ಒಂದು ಸಲ ‘ಥೂ’, ಆಮೇಲೆ ಏನೂ ಇಲ್ಲ. ಪುಟ್ಟಸ್ವಾಮಿ ಬಾಗಿಲು ತಟ್ಟಲು ಹೋದ, ನಾನು ಕೈ ಹಿಡಿದೆ.

ಬಾಗಿಲು ತೆರೆಯಿತು. ನೀನು ಚಿಕ್ಕದು ಮಾಡಿ ಕಳಿಸಿದ ರವಿಕೆ ನೆಟ್ಟಗಿತ್ತು. ನೆರಿಗೆ ಒಂದು ಬೆರಳಷ್ಟು ಎಡಕ್ಕೆ ತಿರುಗಿತ್ತು, ಸೆರಗು ಸೊಂಟದಲ್ಲಿತ್ತು. ಯಾರನ್ನೂ ನೋಡದೆ, ಯಾರಿಗೂ ತಾಕದೆ ಕಾಲೆಳೆದುಕೊಂಡು ಹೋಗಿ ಹುಳದ ಕೋಣೆಯ ಹೊಸ್ತಿಲು ದಾಟಿದಳು. ಎಂಟು ತಿಂಗಳ ಮೇಲೆ. ಎಡಗೈಯಲ್ಲಿ ಹುಳ ಆರಿಸುತ್ತ ಮಧ್ಯಾಹ್ನದವರೆಗೆ ಹೊರಗೆ ಬರಲಿಲ್ಲ. ನಾನು ಅಂದೇ ನಿನಗೆ ಬರೆಯಲು ಕೂತೆ. ಕಾಗದವನ್ನು ಮುಗಿಸದೇ ಇದ್ದದ್ದು ಒಳ್ಳೆಯದಾಯಿತು.

ನಿನ್ನೆ ಬೆಳಿಗ್ಗೆ ಮತ್ತೆ ಮಿಂದು ಮಲಗುವ ಕೋಣೆಗೆ ಹೋದಳು. ಸ್ವಲ್ಪ ಹೊತ್ತಿಗೆ ಕೂಗಿದಳು. ‘ಏನಂದ್ರೆ, ಒಸಿ ಬನ್ನಿ ಇಲ್ಲಿ.’

ಹೋದೆ. ರವಿಕೆಯ ತೋಳು ಎರಡೂ ಏರಿಸಿಕೊಂಡು, ಮುಂದೆ ತೆರೆದೇ ಬಿಟ್ಟುಕೊಂಡು ಕೂತಿದ್ದಳು.

‘ಇವನ್ನ ಹಾಕ್ಬುಡಿ.’

‘ಯಾಕೆ, ಕೈ ನೋಯುತ್ತಾ? ನೆನ್ನೆ ನೀನೇ ಹಾಕಿಕೊಂಡಿದ್ದೆಯಲ್ಲ?’

‘ನೆನ್ನೆ ಬಂತು. ಇವತ್ತೂ ಬತ್ತದೆ. ಬತ್ತದೆ ಅಂತ ಗೊತ್ತಾದ್ಮೇಲೇ ನಿಮ್ನ ಕರ್ದಿದ್ದು.’

ಮೂರು ಗುಂಡನ್ನೂ ಹಾಕಿದೆ. ನನ್ನ ಎರಡು ಕೈಗೂ ಆ ಹಸಿರು ಗುಂಡು ಸುಲಭವಾಗಿ ಬರಲಿಲ್ಲ. ಸೀರೆಯ ಪಟ್ಟಿ ಹಿಡಿಯಲು ಸರಸಮ್ಮನನ್ನು ಕರೆದಳು. ಆ ಹುಡುಗಿ ಹೆದರಿ, ‘ಬ್ಯಾಡ ಅತ್ತೆ, ಹುಳ ಗೂಡ್ ಕಟ್ಟೋ ಹೊತ್ತು’ ಎಂದಳು. ‘ಇಡ್ಕಳೇ ಸುಮ್ಕೆ’ ಎಂದಳು ಇವಳು. ಹಾಗೆ ನಮ್ಮಿಬ್ಬರ ಕೈಯಿಂದ ಉಡಿಸಿಕೊಂಡು ತೊಡಿಸಿಕೊಂಡು ಎದ್ದು, ಹುಳದ ಕೋಣೆಯ ಮುಂದೆ ನಿಂತು ಒಂದು ಕ್ಷಣ ಹೊಸ್ತಿಲ ಪಕ್ಕ ನಮ್ಮವ್ವ ಕೂರುತ್ತಿದ್ದ ಜಾಗವನ್ನೇ ನೋಡಿದಳು.

‘ನೋಡ್ಕಳವ್ವ ಸರಸೀ,’ ಎಂದಳು, ಮಾತು ಹೇಳಿದ್ದು ಸರಸಮ್ಮನಿಗಾದರೂ ಅವಳ ಕಡೆ ನೋಡದೆ. ‘ಇನ್ನೊಬ್ರ ಕೈಲಿ ಉಡಿಸ್ಕಂಡು ಒಳಿಕ್ಕೋಯ್ತಾ ಇವ್ನಿ. ಇವತ್ತಿಂದ ಈ ಮನೇಲಿ ಯಾರೂ ಇಲ್ಲಿ ಕುಂತ್ಕಬಾರ್ದು.’

ಒಳಗೆ ಹೋದಳು. ಸರಸಮ್ಮ ಕಣ್ಣೊರೆಸಿಕೊಂಡು ಹಿಂದೆಯೇ ಹೋದಳು. ನಾನು ಆ ಕೋಣೆಗೆ ಕಾಲಿಟ್ಟು ಎಷ್ಟೋ ವರ್ಷವಾಗಿತ್ತು. ನಮ್ಮವ್ವ ಹೊರಗೆ ಕೂತ ದಿನದಿಂದ ನಾನೂ ಒಳಗೆ ಹೋಗಿರಲಿಲ್ಲ. ಅದನ್ನು ಯಾರೂ ಗಮನಿಸಿರಲಿಕ್ಕಿಲ್ಲ ಎಂದುಕೊಂಡಿದ್ದೆ. ಹೊಸ್ತಿಲಿಗೆ ಕಾಲು ಎತ್ತಿದೆ.

‘ನಿಲ್ಲಿ, ನಿಲ್ಲಿ! ಮಿಂದಿದ್ದೀರಾ?’

‘ಇಲ್ಲ.’

‘ಉಡ್ಸೋರು ಯಾರಾರ ಉಡಿಸ್ಲಿ. ಮೀಯ್ದೆ ಬಂದ್ರೆ ಮಾತ್ರ ಕಾಲ್ ಮುರೀತೀನಿ. ಇಪ್ಪತ್ ವರ್ಸ ಕಾದಿದ್ದೀರಿ, ಒಂದ್ ಚೊಂಬು ನೀರು ಉಯ್ಕಳಕೆ ಏನು?’

ಬಚ್ಚಲಿಗೆ ಹೋದೆ. ನೀರು ತಣ್ಣಗಿತ್ತು, ಕಾಯಿಸುವವರೆಗೂ ಕಾಯಲಿಲ್ಲ.

ಒದ್ದೆ ತಲೆಯಲ್ಲೇ ಒಳಗೆ ಹೋಗಿ ಬಂದವನು,
ಬೋರಲಿಂಗಯ್ಯ